ಕಡಲಾಚೆಯ ಓದು, ಮನಸ್ಸಿನ ಭಾರ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ನುಡಿ. ಈ ಎರಡನ್ನೂ ಒಂದೇ ಯಾತ್ರೆಯಲ್ಲಿ ಸಾಧಿಸಬೇಕೆಂದು ಹೊರಡುವ ತರುಣ ತರುಣಿಯರು ಇಂದು ನಮ್ಮ ಮನೆಮನೆಗಳಲ್ಲಿಯೂ ಇದ್ದಾರೆ. ಹಿಂದೆ ಶ್ರೀಮಂತರ ಮಗನೋ, ವಿದ್ಯಾರ್ಥಿವೇತನ ದೊರೆತ ಒಬ್ಬ ಮೇಧಾವಿಯೋ ಮಾತ್ರ ವಿಲಾಯತಿಯ ದಾರಿ ಹಿಡಿಯುತ್ತಿದ್ದನು. ಈಗಲಾದರೋ ಶಾಲಾ ಉಪಾಧ್ಯಾಯರ ಮಗಳೂ, ಅಡಕೆ ತೋಟದ ಸಾಧಾರಣ ಗೃಹಸ್ಥರ ಮಗನೂ ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತು ವಿಮಾನವನ್ನೇರುತ್ತಾರೆ. ಪ್ರಯಾಣದ ಸಿದ್ಧತೆಯಲ್ಲಿ ನಾವು ಯಾವುದನ್ನೂ ಮರೆಯುವುದಿಲ್ಲ. ಉಣ್ಣೆಯ ಅಂಗಿ, ಪ್ರೆಷರ್ ಕುಕ್ಕರು, ಸಾರಿನ ಪುಡಿ, ಉಪ್ಪಿನಕಾಯಿ, ದೇವರ ಪಟ, ಎಲ್ಲವೂ ಪೆಟ್ಟಿಗೆಯನ್ನು ಸೇರುತ್ತವೆ. ಮನಸ್ಸಿಗೆ ಬೇಕಾದ ಸಿದ್ಧತೆಯೊಂದು ಮಾತ್ರ ಬಹುಮಟ್ಟಿಗೆ ಉಳಿದುಹೋಗುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಿಗೆ ಹೋಗುವ ನಮ್ಮ ಮಕ್ಕಳನ್ನು ಉದಾಹರಣೆಯಾಗಿಟ್ಟುಕೊಂಡು, ಈ ವಿಷಯವನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ಹಿಂದಿನವರ ಅನುಭವ

ಪರದೇಶದಲ್ಲಿ ಮನಸ್ಸು ಕುಗ್ಗುವುದು ಈ ಕಾಲದ ಮಕ್ಕಳ ಮೃದುತನದಿಂದ ಹುಟ್ಟಿದ ಹೊಸ ರೋಗವೆಂದು ಕೆಲವರು ತಿಳಿದಿರುವುದುಂಟು. ಇದು ಸರಿಯಲ್ಲ. ೧೮೮೮ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದಿದ್ದಾಗಲೇ, ನ್ಯಾಯಶಾಸ್ತ್ರವನ್ನು ಕಲಿಯಲು ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಯವರು, ಅಲ್ಲಿಯ ಮೊದಲ ದಿನಗಳಲ್ಲಿ ತಾಯಿಯನ್ನೂ ಊರನ್ನೂ ನೆನೆದು ರಾತ್ರಿಯೆಲ್ಲ ಕಣ್ಣೀರಿಟ್ಟುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮಾಂಸ ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟಿದ್ದವರಿಗೆ ಹೊಟ್ಟೆ ತುಂಬ ಊಟವೂ ಇರಲಿಲ್ಲ. ಅವರನ್ನು ಎತ್ತಿ ನಿಲ್ಲಿಸಿದುವು ಬಹಳ ಸಣ್ಣ ಸಂಗತಿಗಳು. ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರದ ಭೋಜನಶಾಲೆ ಸಿಕ್ಕಿತು. ಅದರ ಮೂಲಕ ಸಸ್ಯಾಹಾರಿಗಳ ಸಂಘದ ಗೆಳೆತನವಾಯಿತು. ದಿನವೂ ಮೈಲಿಗಟ್ಟಲೆ ನಡೆಯುವ ಅಭ್ಯಾಸವೂ, ಕಾಸುಕಾಸಿನ ಲೆಕ್ಕ ಬರೆಯುವ ಶಿಸ್ತೂ ಬಂದುವು. ಊಟ, ಗೆಳೆತನ, ನಡಿಗೆ, ಲೆಕ್ಕ: ಇಂದಿನ ಸಲಹೆಗಾರರು ಹೇಳುವುದರಲ್ಲಿ ಅರ್ಧಪಾಲು ಇಷ್ಟರಲ್ಲಿಯೇ ಅಡಗಿದೆ.

ಇನ್ನೊಂದು ಉದಾಹರಣೆ ಹೆಚ್ಚು ಕರುಣಾಜನಕವಾದುದು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ೧೯೧೪ರ ಏಪ್ರಿಲಿನಲ್ಲಿ ಇಂಗ್ಲೆಂಡನ್ನು ತಲುಪಿ, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಆಗ ಕೇಂಬ್ರಿಜ್ಜಿನಲ್ಲಿಯೇ ಓದುತ್ತಿದ್ದ ಪ್ರಶಾಂತಚಂದ್ರ ಮಹಾಲನೊಬಿಸರು ಒಂದು ದಿನ ಇವರನ್ನು ಕಾಣಲು ಹೋಗಿ, ರಾತ್ರಿ ಚಳಿಯಾಗುವುದಿಲ್ಲವೇ ಎಂದು ವಿಚಾರಿಸಿದರು. ರಾಮಾನುಜನ್ನರು ಮೇಲಂಗಿಯನ್ನು ತೊಟ್ಟು, ಶಾಲು ಹೊದೆದು ಮಲಗುತ್ತಿದ್ದುದು ತಿಳಿದುಬಂದಿತು. ಮಹಾಲನೊಬಿಸರು ಮಲಗುವ ಕೋಣೆಗೆ ಹೋಗಿ ನೋಡಿದರೆ, ಹಾಸಿಗೆಯಲ್ಲಿ ಕಂಬಳಿಗಳು ಬೇಕಾದಷ್ಟಿದ್ದುವು. ಆದರೆ ಅಲ್ಲಿಯ ಪದ್ಧತಿಯಂತೆ ಅಂಚನ್ನು ಮಂಚದ ಸುತ್ತ ಬಿಗಿಯಾಗಿ ಸಿಕ್ಕಿಸಿಟ್ಟಿದ್ದುದರಿಂದ, ಅವುಗಳನ್ನು ಮಡಿಸಿ ಒಳಗೆ ಸೇರಿಕೊಳ್ಳಬೇಕೆಂಬುದೇ ಈ ಮಹಾಮೇಧಾವಿಗೆ ತಿಳಿದಿರಲಿಲ್ಲ! ಯಾರೂ ಹೇಳಿಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ.

ಮುಂದೆ ಮಹಾಯುದ್ಧ ಬಂದಿತು. ಸಸ್ಯಾಹಾರದ ಪದಾರ್ಥಗಳು ದೊರೆಯುವುದು ಕಷ್ಟವಾಯಿತು. ಊರಿನಲ್ಲಿ ಅತ್ತೆಗೂ ಸೊಸೆಗೂ ಸರಿಬರದೆ, ಕಾಗದಗಳು ಬರುವುದು ವಿರಳವಾಯಿತು. ೧೯೧೭ರಲ್ಲಿ ಕಾಯಿಲೆ ಹಿಡಿಯಿತು. ೧೯೧೮ರ ಆದಿಯಲ್ಲಿ ಅವರು ಪ್ರಾಣವನ್ನೇ ಕಳೆದುಕೊಳ್ಳಲೆಳಸಿದರೆಂದು ಅವರ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. ಅದೇ ವರ್ಷದಲ್ಲಿಯೇ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿಯ ಫೆಲೋ ಪದವಿಯೂ ಅವರಿಗೆ ದೊರೆತುವೆಂಬುದನ್ನು ಗಮನಿಸಬೇಕು. ಬುದ್ಧಿಶಕ್ತಿಗೂ ಕೀರ್ತಿಗೂ ಮನಸ್ಸಿನ ನೆಮ್ಮದಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇಕಿಲ್ಲ.

ಭಾರ ಬರುವುದೆಲ್ಲಿಂದ?

ಇಂದಿನ ವಿದ್ಯಾರ್ಥಿಯ ಮೇಲೆ ಬೀಳುವ ಭಾರಗಳನ್ನು ಒಂದೊಂದಾಗಿ ಎಣಿಸಿ ನೋಡೋಣ.

ಮೊದಲನೆಯದು ಕಾಲದ ಭಾರ. ನಮ್ಮಲ್ಲಿ ಎರಡು ವರ್ಷ ಹಿಡಿಯುವ ಸ್ನಾತಕೋತ್ತರ ಪದವಿಯನ್ನು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಮುಗಿಸುತ್ತಾರೆ. ಅದಕ್ಕೆ ೧೮೦ ಕ್ರೆಡಿಟ್ಟುಗಳು. ಒಂದು ಕ್ರೆಡಿಟ್ಟಿಗೆ ಹತ್ತು ಗಂಟೆಯ ಕೆಲಸವೆಂದು ಲೆಕ್ಕ. ಎಂದರೆ ಹನ್ನೆರಡು ತಿಂಗಳಲ್ಲಿ ೧೮೦೦ ಗಂಟೆಗಳ ಓದು.

ಎರಡನೆಯದು ಅಂಕಗಳ ಭಾರ. ಇಲ್ಲಿ ನೂರಕ್ಕೆ ತೊಂಬತ್ತು ಪಡೆದು ಊರಿಗೇ ಹೆಸರಾದ ಹುಡುಗಿಗೆ ಅಲ್ಲಿಯ ಮೊದಲ ಪ್ರಬಂಧದಲ್ಲಿ ೫೮ ಬರುತ್ತದೆ. ಅವಳಿಗೆ ಭೂಮಿಯೇ ಬಾಯಿ ಬಿಟ್ಟಂತಾಗುತ್ತದೆ. ಆದರೆ ಅಲ್ಲಿಯ ಮಾಪನವೇ ಬೇರೆ: ಸ್ನಾತಕೋತ್ತರ ತರಗತಿಗಳಲ್ಲಿ ೫೦ ತೇರ್ಗಡೆ, ೭೦ ಮೀರಿದರೆ ಅತ್ಯುಚ್ಚ ಶ್ರೇಣಿ. ತೊಂಬತ್ತನ್ನು ಅಲ್ಲಿಯವರೂ ಕಾಣುವುದು ಅಪೂರ್ವ. ಇದನ್ನು ಹೊರಡುವ ಮೊದಲೇ ಮಗಳಿಗೂ ಮನೆಯವರಿಗೂ ತಿಳಿಸಿದ್ದರೆ ಎಷ್ಟೋ ರಾತ್ರಿಗಳ ನಿದ್ರೆ ಉಳಿಯುತ್ತದೆ. ಪುಸ್ತಕದ ವಾಕ್ಯವನ್ನು ಮೂಲ ಹೇಳದೆ ಬರೆದರೆ ಅಲ್ಲಿ ಅದು ಕಳ್ಳತನಕ್ಕೆ ಸಮಾನವೆನಿಸುವುದು. ಬಾಯಿಪಾಠವನ್ನೇ ವಿದ್ಯೆಯೆಂದು ನಂಬಿ ಬೆಳೆದವರಿಗೆ ಇದೂ ಒಂದು ಹೊಸ ಪಾಠ.

ಮೂರನೆಯದು ಹಣದ ಭಾರ. ಏಳೂವರೆ ಲಕ್ಷ ರೂಪಾಯಿ ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರವನ್ನು ಕೇಳುತ್ತವೆ. ತಂದೆಯ ಮನೆಪತ್ರ ಬ್ಯಾಂಕಿನಲ್ಲಿದೆಯೆಂಬ ನೆನಪು ವಿದ್ಯಾರ್ಥಿಯ ತಟ್ಟೆಯ ಮುಂದೆಯೂ ಬಂದು ಕುಳಿತುಕೊಳ್ಳುತ್ತದೆ. ಅದಕ್ಕಾಗಿ ಆತ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುತ್ತಾನೆ. ಆದರೆ ಪದವಿ ತರಗತಿಯ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ ೨೦ ಗಂಟೆಗಿಂತ ಹೆಚ್ಚು ದುಡಿಯುವುದು ವೀಸಾದ ನಿಯಮಕ್ಕೆ ವಿರುದ್ಧ. ನಿಯಮ ಮೀರಿ ಕದ್ದು ದುಡಿದರೆ ಕೂಲಿಗೆ ಮೋಸವಾದರೂ ದೂರು ಕೊಡಲು ಬಾಯಿ ಬಾರದು. ಹಣದ ಚಿಂತೆಗೆ ಭಯವೂ ಸೇರುವುದು.

ನಾಲ್ಕನೆಯದು ಕತ್ತಲೆಯ ಭಾರ. ಇದನ್ನು ಕೇಳಿ ವಾಚಕರು ನಗಬಾರದು. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಕಿರಿಯ ಹಗಲೂ ಹನ್ನೊಂದು ಗಂಟೆಗೆ ಕಡಮೆಯಿಲ್ಲ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಮೆ. ಗ್ಲಾಸ್ಗೋದಲ್ಲಿ ಸುಮಾರು ಏಳು. ಸಂಜೆ ನಾಲ್ಕಾಗುವ ಮೊದಲೇ ದೀಪ ಹಚ್ಚಬೇಕು. ಚಳಿಗಾಲದ ಬೆಳಕಿನ ಕೊರತೆಯಿಂದ ಕೆಲವರ ಮನಸ್ಸು ಪ್ರತಿವರ್ಷವೂ ಖಿನ್ನವಾಗುವುದನ್ನು ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೮೪ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು.

ಐದನೆಯದು ಒಂಟಿತನ. ಮನೆಯ ತುಂಬ ಜನರಿದ್ದಲ್ಲಿ ಬೆಳೆದವನಿಗೆ ಒಂದು ಬಾಗಿಲ ಹಿಂದೆ ಒಂದೇ ಮಂಚ. ಇದರ ಮೇಲೆ, ೨೦೨೪ರ ಜನವರಿಯಿಂದ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಮಕ್ಕಳನ್ನಾಗಲಿ ಜೊತೆಗೆ ಕರೆದೊಯ್ಯುವಂತಿಲ್ಲ.

ಈ ಒಗ್ಗಿಕೊಳ್ಳುವಿಕೆಗೂ ಒಂದು ಕ್ರಮವುಂಟೆಂದು ವಿದ್ವಾಂಸರು ಹೇಳುತ್ತಾರೆ. ಅಮೆರಿಕಕ್ಕೆ ಹೋಗಿಬಂದ ೨೦೦ ಮಂದಿ ನಾರ್ವೆ ದೇಶದವರನ್ನು ವಿಚಾರಿಸಿ, ಲಿಸ್ಗೋರ್ಡ್ ಎಂಬ ಪಂಡಿತರು ೧೯೫೫ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಮೆ ಇದ್ದವರೂ, ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರೇ ಹೆಚ್ಚು ಕಷ್ಟಪಟ್ಟವರು. ಮೊದಲ ತಿಂಗಳುಗಳೇ ಅತಿ ಕಠಿಣವೆಂದು ತೋರಿಸಿದ ಸಂಶೋಧನೆಗಳೂ ಆಮೇಲೆ ಬಂದಿವೆ. ಯಾವುದನ್ನು ಒಪ್ಪಿದರೂ ಒಂದು ಮಾತು ನಿಜ: ಒಂದೇ ವರ್ಷದ ಪದವಿಗೆಂದು ಹೋದವನು, ನೆಲ ಹದವಾಗುವ ಹೊತ್ತಿಗೆ ಊರಿಗೆ ಹಿಂದಿರುಗಬೇಕಾಗುತ್ತದೆ. ಅವನ ಕಷ್ಟಕ್ಕೆ ಅವನ ದುರ್ಬಲತೆಯೇ ಕಾರಣವಲ್ಲ.

ದೇಹದಲ್ಲಿ ಆಗುವುದೇನು?

ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ ೧೯೩೬ರಲ್ಲಿ, ಬೇರೆ ಬೇರೆ ಬಗೆಯ ಪೀಡೆಗಳಿಗೆ ದೇಹವು ಒಂದೇ ತೆರನಾಗಿ ಪ್ರತಿಕ್ರಿಯೆ ತೋರುವುದೆಂದು ಪ್ರಕಟಿಸಿದರು. ಅಪಾಯ ಎದುರಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರಿ, ಎದೆಬಡಿತ ಹೆಚ್ಚಿ, ದೇಹ ಹೋರಾಟಕ್ಕೆ ಅಣಿಯಾಗುವುದು. ಹುಲಿಯ ಮುಂದೆ ಇದು ಉಪಕಾರಿ. ಪರೀಕ್ಷೆಯ ಹಿಂದಿನ ದಿನ ಒಂದಿಷ್ಟು ಕಳವಳವೂ ಒಳ್ಳೆಯದೇ, ಅದು ಓದಿಸುತ್ತದೆ. ಆದರೆ ಹುಲಿ ಹೋಗದೆ ತಿಂಗಳುಗಟ್ಟಲೆ ಬಾಗಿಲಲ್ಲೇ ಕುಳಿತರೆ ನಿದ್ರೆ ಕೆಡುವುದು, ಹಸಿವು ತಪ್ಪುವುದು, ಓದಿದುದು ನೆನಪಿನಲ್ಲಿ ನಿಲ್ಲದು. ಆಗ ಹೆಚ್ಚು ಹೊತ್ತು ಓದಬೇಕೆಂದು ನಿದ್ರೆಯನ್ನು ಇನ್ನಷ್ಟು ಕಡಮೆ ಮಾಡುತ್ತಾರೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ.

ಇದಕ್ಕೆ ವಿದ್ಯಾರ್ಥಿಯೇ ಮಾಡಿಕೊಳ್ಳಬಹುದಾದ ಉಪಾಯಗಳು ಕೆಲವುಂಟು. ನಿದ್ರೆಗೂ ಏಳುವುದಕ್ಕೂ ಒಂದೇ ಹೊತ್ತನ್ನು ಕಾಯ್ದುಕೊಳ್ಳುವುದು. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯುವುದು. ಕಳವಳ ಹೆಚ್ಚಿದಾಗ ಐದು ನಿಮಿಷ, ಒಳಕ್ಕೆಳೆಯುವ ಉಸಿರಿಗಿಂತ ಹೊರಬಿಡುವ ಉಸಿರನ್ನು ದೀರ್ಘವಾಗಿಸಿ, ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡುವುದು. ವಾರಕ್ಕೊಮ್ಮೆಯಾದರೂ ನಾಲ್ವರು ಸೇರಿ ಅಡಿಗೆ ಮಾಡಿ ಉಣ್ಣುವುದು. ಬಿಸಿಲಿನಿಂದ ದೊರೆಯುವ ಡಿ ಜೀವಸತ್ತ್ವವು ಅಲ್ಲಿಯ ಚಳಿಗಾಲದಲ್ಲಿ ಸಾಲದಾಗುವುದರಿಂದ, ಪ್ರತಿದಿನ ೧೦ ಮೈಕ್ರೋಗ್ರಾಮ್ ಪ್ರಮಾಣದಲ್ಲಿ ಸೇವಿಸುವುದು ಒಳಿತೆಂದೂ, ಕಪ್ಪು ಮೈಬಣ್ಣದವರು ವರ್ಷವಿಡೀ ಸೇವಿಸುವ ಬಗ್ಗೆ ಆಲೋಚಿಸಬೇಕೆಂದೂ ಅಲ್ಲಿಯ ಸರ್ಕಾರದ ಆರೋಗ್ಯ ಇಲಾಖೆಯೇ ಸಲಹೆ ಮಾಡಿದೆ. ಇದು ಮೂಳೆಗಳ ರಕ್ಷಣೆಗೆ ಹೇಳಿದ ಮಾತಾದರೂ ಮರೆಯತಕ್ಕದ್ದಲ್ಲ.

ಅಲ್ಲಿ ದೊರೆಯುವ ಆಸರೆ

ಉಪಾಯಗಳು ಸಾಲದಾದಾಗ ಆಸರೆ ಬೇಕು. ಆಸರೆಯು ಅಲ್ಲಿ ಹೇರಳವಾಗಿದೆ. ಆದರೆ ಅದು ತಾನಾಗಿ ಬಾಗಿಲು ತಟ್ಟುವುದಿಲ್ಲ. ನಾವೇ ಹೋಗಿ ಕೇಳಬೇಕು.

ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳ ಕ್ಷೇಮಕ್ಕೆಂದು ಪ್ರತ್ಯೇಕ ವಿಭಾಗವೂ, ತರಬೇತಿ ಪಡೆದ ಸಲಹೆಗಾರರೂ ಇರುತ್ತಾರೆ. ಇದಕ್ಕೆ ಬೇರೆ ಶುಲ್ಕವಿಲ್ಲ. ಭೇಟಿಗಳು ಸಾಮಾನ್ಯವಾಗಿ ಕೆಲವೇ ಆಗಿದ್ದು, ಸರದಿಗಾಗಿ ಕಾಯಬೇಕಾಗುವುದೂ ಉಂಟು. ಆದುದರಿಂದ ನೀರು ಕುತ್ತಿಗೆಗೆ ಬರುವ ಮೊದಲೇ ಹೋಗುವುದು ಜಾಣತನ. ಅಲ್ಲಿ ಆಡಿದ ಮಾತು ಗೋಪ್ಯವಾಗಿರುವುದು. ಅಂಕಪಟ್ಟಿಯ ಮೇಲೆ ಬರುವುದಿಲ್ಲ. ಸಲಹೆ ಪಡೆದನೆಂಬ ಕಾರಣಕ್ಕೆ ವೀಸಾಕ್ಕೆ ಭಂಗವೂ ಇಲ್ಲ.

ವೀಸಾ ಪಡೆಯುವಾಗಲೇ ವಿದ್ಯಾರ್ಥಿಗಳು ಆರೋಗ್ಯದ ಬಾಬ್ತು ಒಂದು ಸುಂಕವನ್ನು ಕಟ್ಟಿರುತ್ತಾರೆ. ೨೦೨೪ರ ಫೆಬ್ರವರಿಯಲ್ಲಿ ಇದನ್ನು ವರ್ಷಕ್ಕೆ ೭೭೬ ಪೌಂಡಿಗೆ ಏರಿಸಲಾಯಿತು. ಇಷ್ಟು ಹಣ ತೆತ್ತ ಮೇಲೂ ಎಷ್ಟೋ ಮಂದಿ ಬಡಾವಣೆಯ ವೈದ್ಯರಲ್ಲಿ ಹೆಸರನ್ನೇ ಬರೆಯಿಸುವುದಿಲ್ಲ! ಹೆಸರು ಬರೆಯಿಸಲು ಹಣ ಕೊಡಬೇಕಾಗಿಲ್ಲ. ಹೋದ ಮೊದಲ ವಾರದಲ್ಲಿಯೇ ಈ ಕೆಲಸವನ್ನು ಮುಗಿಸತಕ್ಕದ್ದು. ಇಂಗ್ಲೆಂಡಿನಲ್ಲಿ ಕಳವಳ, ಖಿನ್ನತೆಗಳಿಗೆ ಮಾತಿನ ಚಿಕಿತ್ಸೆಯನ್ನು ವೈದ್ಯರ ಶಿಫಾರಸಿಲ್ಲದೆ ತಾವೇ ಅರ್ಜಿ ಹಾಕಿ ಪಡೆಯಬಹುದು. ತುರ್ತಿನ ಸಲಹೆಗೆ ೧೧೧, ಪ್ರಾಣಾಪಾಯವಿದ್ದರೆ ೯೯೯ ಎಂಬ ಸಂಖ್ಯೆಗಳಿವೆ.

ರಾತ್ರಿ ಎರಡು ಗಂಟೆಗೆ ಯಾರೊಡನೆ ಮಾತನಾಡುವುದು? ಇದಕ್ಕೂ ಏರ್ಪಾಡುಂಟು. ಚಾಡ್ ವಾರಾ ಎಂಬ ಪಾದ್ರಿಗಳು ೧೯೫೩ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಸಮ್ಯಾರಿಟನ್ಸ್ ಸಂಸ್ಥೆಯವರು ೧೧೬ ೧೨೩ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಧರ್ಮಾರ್ಥವಾಗಿ ಕಿವಿಗೊಡುತ್ತಾರೆ. ೧೯೭೦ರಲ್ಲಿ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ನೈಟ್‌ಲೈನ್ ಎಂಬ ಹೆಸರಿನಿಂದ, ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ಅಳಲನ್ನು ರಾತ್ರಿವೇಳೆ ಕೇಳುವ ಪದ್ಧತಿ ಮೊದಲಾಯಿತು. ಈಗ ಅದು ಹಲವು ವಿಶ್ವವಿದ್ಯಾನಿಲಯಗಳಲ್ಲಿದೆ.

ನಮ್ಮವರ ಆಸರೆಯೂ ಹೊಸದೇನಲ್ಲ. ಭಾರತದ ವಿದ್ಯಾರ್ಥಿಗಳಿಗೆ ನೆಲೆಯಾಗಲೆಂದು ಲಂಡನ್ನಿನಲ್ಲಿ ಇಂಡಿಯನ್ ವೈ.ಎಂ.ಸಿ.ಎ. ಸ್ಥಾಪಿತವಾದುದು ೧೯೨೦ರಲ್ಲಿಯೇ. ಅಲ್ಲಿಯ ಭಾರತೀಯ ವಿದ್ಯಾಭವನದಲ್ಲಿ ನಮ್ಮ ಮತ್ತೂರು ಕೃಷ್ಣಮೂರ್ತಿಯವರು ಹಲವು ವರ್ಷ ಸೇವೆ ಸಲ್ಲಿಸಿದರು; ಕರ್ನಾಟಕ ಸಂಗೀತದ ಪಾಠ ಅಲ್ಲಿ ಇಂದಿಗೂ ನಡೆಯುತ್ತಿದೆ. ಯುಗಾದಿ, ದೀಪಾವಳಿಗಳಲ್ಲಿ ಅಲ್ಲಿಯ ಕನ್ನಡ ಬಳಗದವರು ಸೇರುತ್ತಾರೆ. ತಾಯಿನುಡಿಯಲ್ಲಿ ಮನಬಿಚ್ಚಿ ನಕ್ಕ ಒಂದು ಸಂಜೆ ವಾರದ ಭಾರವನ್ನು ಇಳಿಸಬಲ್ಲದು. ಆದರೆ ನಮ್ಮವರೊಡನೆ ಮಾತ್ರವೇ ಇದ್ದು, ಅಲ್ಲಿಯವರ ಗೆಳೆತನಕ್ಕೆ ಬಾಗಿಲು ಹಾಕಿಕೊಳ್ಳುವುದೂ ತರವಲ್ಲ. ಗಾಂಧಿಯವರ ಗೆಳೆಯರಾದ ಸಸ್ಯಾಹಾರಿಗಳು ಇಂಗ್ಲಿಷರೇ ಅಲ್ಲವೆ?

ಮೌನದ ಬೆಲೆ

ಮಾತನಾಡಿದರೆ ಮಾನ ಹೋದೀತೆಂದು ನಮ್ಮ ಮಕ್ಕಳು ಸುಮ್ಮನಿರುತ್ತಾರೆ. ಈ ಮೌನಕ್ಕೆ ಅಲ್ಲಿ ತೆರಬೇಕಾದ ಬೆಲೆ ಬಹಳ ಹೆಚ್ಚು. ಕಾಯಿಲೆಯಿಂದಲೋ ಮನಃಕ್ಲೇಶದಿಂದಲೋ ಪ್ರಬಂಧವನ್ನು ಕಾಲಕ್ಕೆ ಸರಿಯಾಗಿ ಒಪ್ಪಿಸಲಾಗದವರಿಗೆ ಗಡುವನ್ನು ಮುಂದೂಡಿಕೊಡುವ ನಿಯಮವು ವಿಶ್ವವಿದ್ಯಾನಿಲಯಗಳಲ್ಲಿ ಇದೆ. ಆದರೆ ಅರ್ಜಿಯನ್ನು ಗಡುವಿಗೆ ಮೊದಲೋ, ಅದು ಕಳೆದ ಕೆಲವೇ ದಿನಗಳೊಳಗೋ ಕೊಡಬೇಕು. ಅನೇಕ ವೇಳೆ ವೈದ್ಯರ ಪತ್ರವನ್ನೂ ಲಗತ್ತಿಸಬೇಕು. ಮೊದಲೇ ಹೇಳಿದವನಿಗೆ ಎರಡು ವಾರ ದೊರೆಯುತ್ತದೆ. ಮುಚ್ಚಿಟ್ಟವನಿಗೆ ಸೊನ್ನೆ ದೊರೆಯುತ್ತದೆ.

ಪಾಠಕ್ಕೆ ಹೋಗದೆ ಕೋಣೆಯಲ್ಲೇ ಉಳಿದರೆ, ಆ ಸಂಗತಿಯನ್ನು ವಿಶ್ವವಿದ್ಯಾನಿಲಯವು ಅಲ್ಲಿಯ ಸರ್ಕಾರಕ್ಕೆ ತಿಳಿಸಬೇಕಾದ ಪ್ರಸಂಗ ಬರಬಹುದು. ಆಗ ವೀಸಾಕ್ಕೇ ಸಂಚಕಾರ. ಓದನ್ನು ಕೆಲಕಾಲ ನಿಲ್ಲಿಸಿ ಊರಿಗೆ ಬರುವುದಾದರೂ, ಮೊದಲು ವಿದೇಶೀ ವಿದ್ಯಾರ್ಥಿಗಳ ಸಲಹಾ ಕಚೇರಿಯಲ್ಲಿ ವಿಚಾರಿಸಿಯೇ ನಿರ್ಧರಿಸಬೇಕು. ಏಕೆಂದರೆ ಓದು ನಿಂತಾಗ ವೀಸಾದ ಅವಧಿ ಸಾಮಾನ್ಯವಾಗಿ ಮೊಟಕಾಗುವುದು. ಕೇಳಿ ಬಂದವನು ಹಿಂದಿರುಗುವ ದಾರಿಯನ್ನು ತಿಳಿದುಕೊಂಡೇ ಬರುತ್ತಾನೆ.

ಮನೆಯವರು ಮಾಡತಕ್ಕದ್ದು

ಇನ್ನು ಗೃಹಸ್ಥರಾದ ನಾವು ಮಾಡತಕ್ಕದ್ದೇನು? ವಯಸ್ಸು ಹದಿನೆಂಟು ತುಂಬಿದವರ ವಿಷಯವನ್ನು ವಿಶ್ವವಿದ್ಯಾನಿಲಯದವರು ಅವರ ಒಪ್ಪಿಗೆಯಿಲ್ಲದೆ ತಂದೆತಾಯಿಗಳಿಗೂ ಹೇಳುವುದಿಲ್ಲ. ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಅದು ಆ ದೇಶದ ಕಾನೂನು. ಆದುದರಿಂದ, ಕಷ್ಟಕಾಲದಲ್ಲಿ ಯಾರಿಗೆ ತಿಳಿಸಬೇಕೆಂಬುದನ್ನು ಪ್ರವೇಶದ ಸಮಯದಲ್ಲಿಯೇ ಬರೆದುಕೊಡುವಂತೆ ಮಕ್ಕಳಿಗೆ ಹೇಳಬೇಕು. ಬ್ರಿಸ್ಟಲ್ ವಿಶ್ವವಿದ್ಯಾನಿಲಯವು ೨೦೧೮ರಲ್ಲಿ ಇಂತಹ ಒಪ್ಪಿಗೆಯನ್ನು ಮೊದಲೇ ಕೇಳಿ ಪಡೆಯುವ ಪದ್ಧತಿಯನ್ನು ತಂದಿತು. ಮಗನ ಅಥವಾ ಮಗಳ ವಸತಿಯ ಪೂರ್ಣ ವಿಳಾಸ, ಕೋಣೆಯ ಸಂಖ್ಯೆ, ಒಬ್ಬಿಬ್ಬರು ಗೆಳೆಯರ ಟೆಲಿಫೋನು, ವಿಶ್ವವಿದ್ಯಾನಿಲಯದ ಹಗಲಿರುಳಿನ ಕಾವಲು ಕಚೇರಿಯ ಸಂಖ್ಯೆ, ಇವಿಷ್ಟನ್ನೂ ದೇಶದ ಸಂಕೇತಸಂಖ್ಯೆಯ ಸಹಿತ ಮನೆಯ ಗೋಡೆಯ ಮೇಲೆ ಬರೆದಿಡಿರಿ. ಭಾರತದಿಂದ ೯೯೯ನ್ನು ಒತ್ತಿದರೆ ಅಲ್ಲಿಯ ಪೊಲೀಸರಿಗೆ ಕೇಳಿಸದು.

ಎರಡನೆಯದಾಗಿ, ಗಡಿಯಾರವನ್ನು ನೋಡಿ ಮಾತನಾಡಿಸಿರಿ. ಚಳಿಗಾಲದಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ನಾಲ್ಕೂವರೆ. ನಾವು ಸ್ನಾನ ಪೂಜೆ ಮುಗಿಸಿ ಬೆಳಗ್ಗೆ ಆರಕ್ಕೆ ಕರೆದರೆ ಅಲ್ಲಿ ನಡುರಾತ್ರಿ ಹನ್ನೆರಡೂವರೆ. “ಅಂಕ ಎಷ್ಟು ಬಂತಪ್ಪ?”, “ಕೆಲಸ ಸಿಕ್ಕಿತೇ?”, “ನಮ್ಮ ಶ್ಯಾಮರಾಯರ ಮಗನಿಗೆ ಸಿಕ್ಕಿತಂತೆ” ಎಂಬ ಮಾತುಗಳನ್ನು ಆದಷ್ಟು ಕಡಮೆ ಮಾಡಿರಿ. “ಇವತ್ತು ಏನು ಅಡಿಗೆ ಮಾಡಿದೆಯಮ್ಮ? ನಿದ್ರೆ ಚೆನ್ನಾಗಿ ಬಂತೇ? ಯಾರ ಜೊತೆ ಓಡಾಡಿದೆ?” ಎಂಬ ಪ್ರಶ್ನೆಗಳಿಂದ ಹೆಚ್ಚು ತಿಳಿಯುತ್ತದೆ. ಹಿಂದಿನವರ ಕಾಗದ ವಾರಗಳ ಮೇಲೆ ಬರುತ್ತಿತ್ತು. ಈಗ ಮುಖವೇ ದಿನವೂ ಕಾಣುತ್ತದೆ. ಆದರೂ ಮೊಬೈಲಿನ ಗಾಜಿನಲ್ಲಿ ನಗುಮುಖವನ್ನು ತೋರಿಸಿ ಕೋಣೆಯನ್ನು ಮರೆಮಾಚುವುದು ಸುಲಭ. ಕರೆಗಳನ್ನು ತಪ್ಪಿಸಿಕೊಳ್ಳುವುದು, ಹಗಲೆಲ್ಲ ಮಲಗಿರುವುದು, ಊಟ ಬಿಡುವುದು, ತಾನು ಎಲ್ಲರಿಗೂ ಹೊರೆಯೆಂದು ನುಡಿಯುವುದು, ಇವು ಕಂಡರೆ ಉಪದೇಶ ಮಾಡದೆ ಕೇಳಿರಿ. ಬದುಕೇ ಬೇಡವೆನಿಸುತ್ತಿದೆಯೇ ಎಂದು ನೇರವಾಗಿ ಕೇಳಲು ಅಂಜಬೇಡಿರಿ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಇದ್ದುದು ಹೊರಬಂದು ಭಾರ ಇಳಿಯುತ್ತದೆ. ಹೌದೆಂದರೆ, ತಡಮಾಡದೆ ಕಾವಲು ಕಚೇರಿಗೂ ಗೆಳೆಯರಿಗೂ ತಿಳಿಸಿರಿ.

ಮನೆಯ ಕೆಟ್ಟ ಸುದ್ದಿಯನ್ನು ಮುಚ್ಚಿಡಬೇಕೆ? ಗಾಂಧಿಯವರು ಇಂಗ್ಲೆಂಡಿನಲ್ಲಿದ್ದಾಗಲೇ ಅವರ ತಾಯಿ ತೀರಿಕೊಂಡರು. ಪರದೇಶದಲ್ಲಿ ಆಘಾತವಾಗದಿರಲೆಂದು ಅಣ್ಣನವರು ಸುದ್ದಿಯನ್ನು ಮರೆಸಿಟ್ಟು, ೧೮೯೧ರಲ್ಲಿ ಅವರು ಹಿಂದಿರುಗಿದ ಮೇಲೆ ತಿಳಿಸಿದರು. ಅದರಿಂದ ದುಃಖವೇನೂ ಕಡಮೆಯಾಗಲಿಲ್ಲವೆಂದು ಗಾಂಧಿಯವರೇ ಬರೆದಿದ್ದಾರೆ. ಸುದ್ದಿ ಮುಚ್ಚಿಡುವ ಮನೆಯೆಂದು ಒಮ್ಮೆ ತಿಳಿದರೆ, ಮಕ್ಕಳೂ ತಮ್ಮ ಸುದ್ದಿಯನ್ನು ಮುಚ್ಚಿಡಲು ಕಲಿಯುತ್ತಾರೆ. ಸಮಯ ನೋಡಿ, ಗೆಳೆಯರೊಬ್ಬರು ಹತ್ತಿರವಿರುವಾಗ, ನಿಜವನ್ನೇ ಹೇಳುವುದು ಲೇಸು. ಸಾಲದ ಮಾತನ್ನೂ ಹೊರಡುವ ಮೊದಲೇ ಎಲ್ಲರೂ ಕುಳಿತು ಲೆಕ್ಕ ಹಾಕಿ ಮುಗಿಸಬೇಕು; ತಿಂಗಳು ತಿಂಗಳೂ ಅದನ್ನು ನೆನಪಿಸುವುದು ಕೂಡದು.

ಚಿಂತೆಯಿಂದ ಹೆತ್ತವರ ಮನಸ್ಸೇ ಕುಗ್ಗಿದರೆ ಅದಕ್ಕೂ ಇಲ್ಲಿ ಆಸರೆಯಿದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಇದಕ್ಕೆ ಮುಖ್ಯ ಕೇಂದ್ರ.

ಕಡೆಯದಾಗಿ ಒಂದು ಮಾತು. ಮಗನನ್ನೋ ಮಗಳನ್ನೋ ಕಳುಹಿಸುವಾಗ “ಗೆದ್ದು ಬಾ” ಎಂದು ಹರಸುವುದು ನಮ್ಮ ರೂಢಿ. ಅದರ ಜೊತೆಗೆ “ಕಷ್ಟವಾದರೆ ಹೇಳು, ಓದು ಸಾಗದಿದ್ದರೂ ಮನೆಯ ಬಾಗಿಲು ತೆರೆದಿದೆ” ಎಂಬ ಮಾತನ್ನೂ ಸೇರಿಸೋಣ. ಈ ಮಾತು ಕೇಳಿದವರು ಓದನ್ನು ಬಿಟ್ಟು ಬರುವರೆಂಬ ಅಂಜಿಕೆ ಬೇಡ. ಹಿಂದೆ ನೆಲವಿದೆಯೆಂದು ತಿಳಿದವನೇ ಮುಂದಿನ ಹೆಜ್ಜೆಯನ್ನು ಧೈರ್ಯವಾಗಿ ಇಡುವನು.